ಪಿಕ್ಚರಿನ ದನ, ಅಪ್ಪನ ದನ

ಆಗುವುದೇ ಇಲ್ಲ ಎಂದವಳು ಚನ್ನರಾಯಪಟ್ಟಣದ ನನ್ನ ಸೋದರತ್ತೆ. ನಾನು ಹಾಸನದಲ್ಲಿ ಕಾಲೇಜು ಸೇರಿದಾಗ ಅಪ್ಪನನ್ನು ಎದುರಿಗೆ ಕೂರಿಸಿಕೊಂಡು, "ಲೇ ತಮ್ಮಾ, ದನ ಹೊಡ್ಕಂಡು ತಿರುಗೋನ ಮಗಳು ಬಿ.ಎ. ಮಾಡ್ತಾಳಾ? ಆದಂಗೇ ಬುಡು ಕಣ್ಲಾ" ಅಂದಳು. ಅಪ್ಪ ಅವಳು ಕೊಟ್ಟ ಮಜ್ಜಿಗೆ ಕುಡಿದು ಎದ್ದು ಬಂದ.

ಅಪ್ಪ ದನದ ವ್ಯಾಪಾರಿ. ಕೊಣನೂರು ಸಂತೆಯಲ್ಲಿ ಕೊಂಡ ಎತ್ತುಗಳನ್ನು ಅರಕಲಗೂಡು ದಾಟಿ, ನಮ್ಮೂರು ಹೊಳೆನರಸೀಪುರದ ಮೇಲೆ ಚನ್ನರಾಯಪಟ್ಟಣಕ್ಕೆ ನಡೆಸಿಕೊಂಡು ಹೋಗಿ ಮಾರುತ್ತಿದ್ದ. ಅವನಿಗೆ ರುಜು ಹಾಕುವಷ್ಟೇ ಅಕ್ಷರ.

ಕೊನೆಯ ವರ್ಷ ಒಂದು ಭಾನುವಾರ ಅವನು ಹಾಸ್ಟೆಲಿಗೆ ಬಂದಾಗ ಟಾಕೀಸಿನಲ್ಲಿ ಬೆಳಗಿನ ಆಟ, ಅಮೆರಿಕದ ದನ ಕಾಯುವವರ ಇಂಗ್ಲಿಷ್ ಪಿಕ್ಚರ್ ನಡೆಯುತ್ತಿತ್ತು. ದನ ಎಂದದ್ದೇ ತಡ, ಅಪ್ಪನೂ ಹೊರಟ. ಪರದೆಯ ತುಂಬ ದನ ಬಿದ್ದಂಬೀಳ ಓಡುತ್ತಿದ್ದವು. ಹೀರೋ ಕುದುರೆಯ ಮೇಲೆ ಕೂತು ಗುಂಡು ಹಾರಿಸುತ್ತಿದ್ದ.

"ಅಯ್ಯೋ, ಯಾಕಂಗೆ ಓಡುಸ್ತಾವ್ನೆ! ಮೈ ಇಳ್ದೋಯ್ತದೆ ಕಣವ್ವ. ನೀರೆಲ್ಲಿ ಕುಡ್ಸುದ?" ಅಪ್ಪ ಜೋರಾಗಿಯೇ ಕೇಳಿದ.

ಹಿಂದಿನ ಸಾಲಿನಿಂದ ಯಾರೋ, "ಯಜಮಾನ್ರೇ, ನೀವೇ ಓಗಿ ಕುಡುಸ್ಬುಟ್ಟು ಬನ್ನಿ" ಅಂದರು. ಎಲ್ಲರೂ ನಕ್ಕರು. ನನಗೆ ಮುಖ ಎತ್ತಲಾಗಲಿಲ್ಲ.

"ಅಪ್ಪಯ್ಯ, ಸುಮ್ನಿರು."

ಅಪ್ಪ ದನಿ ತಗ್ಗಿಸಿದ, ಬಾಯಿ ಮುಚ್ಚಲಿಲ್ಲ. "ಅವನ ಅಂಗಿ ನೋಡು, ಒಂಚೂರು ಧೂಳಿಲ್ಲ. ಇವ್ನು ದನದ ಇಂದೆ ನಡ್ದೋನಲ್ಲ."

ಮುಂದಿನ ತಿಂಗಳು ಕಾಲೇಜಿನಲ್ಲೇ ಒಂದು ಪರೀಕ್ಷೆ. ಅದರಲ್ಲಿ ಪಾಸಾದವರ ಹೆಸರು ಮಾತ್ರ ಕೊನೆಯ ಪರೀಕ್ಷೆಗೆ ಯೂನಿವರ್ಸಿಟಿಗೆ ಹೋಗುತ್ತಿತ್ತು. ಇತಿಹಾಸದ ಪತ್ರಿಕೆಯಲ್ಲಿ ಅಮೆರಿಕದ ಪಶ್ಚಿಮದ ದನಗಾಹಿಗಳ ಬಗ್ಗೆ ಪ್ರಶ್ನೆ ಬಂತು. ಅದರ ಬಗ್ಗೆ ಲೈಬ್ರರಿಯಲ್ಲಿದ್ದ ಒಂದೇ ಪುಸ್ತಕ ಯಾರದೋ ಮನೆಯಲ್ಲಿತ್ತು. ನಾನು ನೋಡಿದ ಪಿಕ್ಚರನ್ನೇ ಬರೆದು ಬಂದೆ.

ಮೇಷ್ಟರು ಕರೆದು ಪೇಪರು ಮುಂದಿಟ್ಟರು. "ದನಗಳನ್ನ ಹಗಲೂ ರಾತ್ರಿ ಓಡಿಸಿಕೊಂಡು ಹೋದರು ಅಂತ ಬರೆದಿದ್ದೀಯಲ್ಲಮ್ಮ. ನಿಮ್ಮ ತಂದೆ ಸಂತೆಗೆ ಹೀಗೇ ಹೋಗ್ತಾರಾ?"

ಹೋಗುವುದಿಲ್ಲ. ಹುಟ್ಟಿದಂದಿನಿಂದ ನೋಡಿದ್ದನ್ನು ಬಿಟ್ಟು ಎರಡು ಗಂಟೆ ನೋಡಿದ್ದನ್ನು ನಂಬಿದ್ದೆ. ಎರಡು ವಾರದಲ್ಲಿ ಇನ್ನೊಂದು ಸಲ ಬರೆಸುತ್ತೇನೆ, ಆಗಲೂ ಫೇಲಾದರೆ ಹೆಸರು ಕಳಿಸುವುದಿಲ್ಲ ಎಂದು ಹೇಳಿ ಅವರು ತಮ್ಮದೇ ಪುಸ್ತಕ ಕೊಟ್ಟರು.

ಅದನ್ನು ಊರಿಗೆ ತಂದು ಜಗಲಿಯಲ್ಲಿ ಕೂತು ಓದಿದೆ. ಅಪ್ಪ ಪಕ್ಕದಲ್ಲಿ ಹಗ್ಗ ಹೊಸೆಯುತ್ತಿದ್ದ. ಒಂದೊಂದು ಪುಟವನ್ನೂ ಅವನಿಗೆ ಕನ್ನಡದಲ್ಲಿ ಹೇಳಿದೆ. ಮೈ ಇಳಿಯಬಾರದೆಂದು ದನಗಳನ್ನು ಮೇಯಿಸುತ್ತಾ ನಿಧಾನವಾಗಿ ನಡೆಸುತ್ತಿದ್ದರಂತೆ. ಅವರಿಗೆ ಗುಂಡಿನೇಟಿಗಿಂತ ನೀರಿಲ್ಲದ ಬಯಲು, ತುಂಬಿದ ಹೊಳೆಗಳದೇ ಹೆಚ್ಚು ಭಯವಂತೆ.

"ಊಂ ಮತ್ತೆ" ಅಂದ ಅಪ್ಪ. "ಏಮಾವತಿ ಒಳೆ ದಾಟ್ಬೇಕಾರೆ ನಾ ಯಾವತ್ತಾರೂ ಒಡ್ದು ನೂಕಿದ್ದೀನಾ? ಒಂದು ಅಳೇ ಎತ್ತು ಮುಂದ್ಬುಟ್ರೆ ಮಿಕ್ಕವು ತಾವೇ ಇಳೀತವೆ."

ಆ ಕೆಲಸ ಮಾಡಿದವರಲ್ಲಿ ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನ ಬಹಳ ಇದ್ದರು ಎಂದು ಓದಿದಾಗ ಅವನ ಕೈ ನಿಂತಿತು.

"ಅವ್ರನ್ನ ಪಿಕ್ಚರ್ನಾಗೆ ತೋರುಸ್ಲೇ ಇಲ್ವಲ್ಲವ್ವ?"

"ಇಲ್ಲ ಅಪ್ಪಯ್ಯ."

"ಧೂಳು ಕುಡ್ದೋರು ಅವ್ರು, ಕುದ್ರೆ ಏರ್ದೋನು ಇವ್ನು" ಎಂದು ಮತ್ತೆ ಹೊಸೆಯತೊಡಗಿದ.

"ಅಂಗಾದ್ರೆ ಆ ಪಿಕ್ಚರೆಲ್ಲ ಬರೀ ಸುಳ್ಳಾ?" ನಾನು ಕೇಳಿದೆ.

"ಸುಳ್ಳೇಯ. ಆದ್ರೂ ಆ ಕುದ್ರೆ ಓಡಿದ್ದು ನೋಡಿದ್ಯಾ! ನಿನ್ ಪರೀಕ್ಸೆ ಮುಗೀಲಿ, ಇನ್ನೊಂದ್ಸಲ ಓಗನ."

ಎರಡನೇ ಸಲ ಅಪ್ಪ ಹೇಳಿದ್ದನ್ನೂ ಪುಸ್ತಕ ಹೇಳಿದ್ದನ್ನೂ ಸೇರಿಸಿ ಬರೆದೆ. ನನ್ನ ಹೆಸರು ಯೂನಿವರ್ಸಿಟಿಗೆ ಹೋಯಿತು. ಅಪ್ಪನ ಜೊತೆ ಅಂಥದೇ ಇನ್ನೊಂದು ಪಿಕ್ಚರಿಗೂ ಹೋದೆ. ಅವನು ಮಾತಾಡುತ್ತಲೇ ಇದ್ದ, ನಾನು ತಡೆಯಲಿಲ್ಲ.

ಬಿ.ಎ. ಪಾಸಾದೆ. ಸರ್ಟಿಫಿಕೇಟು ಬಂದ ದಿನ ಅಪ್ಪನೂ ಕಾಲೇಜಿಗೆ ಬಂದಿದ್ದ. ಗುಮಾಸ್ತರು ಕೊಟ್ಟದ್ದನ್ನು ನಾನು ಹಾಗೆಯೇ ಅವನ ಕೈಗಿಟ್ಟೆ. ಅವನು ಪಂಚೆಗೆ ಕೈ ಒರೆಸಿಕೊಂಡು ಅದನ್ನು ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ನನ್ನ ಕಡೆ ತಿರುಗಿಸಿ ಹಿಡಿದ.

"ಓದವ್ವ. ಒಂದಕ್ಸರಾನೂ ಬುಡ್ಬ್ಯಾಡ."