ಸ್ಟೇರಿಂಗ್ ಮಾವ ನಡೆಯಲು ಕಲಿತದ್ದು

ಆಯಸ್ಸಿಡೀ ಬಸ್ಸು ಓಡಿಸಿದ ಮನುಷ್ಯ ನಿವೃತ್ತನಾದ ಮೇಲೆ ಏನು ಮಾಡುತ್ತಾನೆ? ಕೂರುತ್ತಾನೆ. ಮತ್ತೇನು ಮಾಡಿಯಾನು ಪಾಪ, ಕಲಿತ ವಿದ್ಯೆ ಅದೊಂದೇ. ಬೀದಿಯವರೆಲ್ಲ ಸ್ಟೇರಿಂಗ್ ಮಾವ ಎಂದು ಕರೆಯುತ್ತಿದ್ದ ಆ ಡ್ರೈವರು ಬೆಳಿಗ್ಗೆ ಕಿಟಕಿ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತನೆಂದರೆ ಏಳುತ್ತಿದ್ದದ್ದು ಊಟಕ್ಕೆ. ಟೀವಿಯಲ್ಲಿ ಯಾವುದಾದರೂ ಗಾಡಿ ತಿರುವಿಗೆ ಬಂದರೆ ಇವನ ಎರಡೂ ಕೈ ಗಾಳಿಯಲ್ಲೇ ಸ್ಟೇರಿಂಗ್ ತಿರುಗಿಸುತ್ತಿದ್ದವು. ವ್ಯಾಯಾಮ ಅಂತ ಇದ್ದರೆ ಅದೇ.

ಅವನು ಬೀದಿಗೆಲ್ಲ ಮಾವನಾದ ಮೇಲೆ ಹೆಂಡತಿ ತಾನಾಗಿ ಅತ್ತೆಯಾದಳು. "ರೀ, ಒಂಚೂರು ನಡೆದಾಡಿಕೊಂಡು ಬನ್ನಿ" ಎಂದು ಅತ್ತೆ ಹೇಳಿದರೆ, "ಊರೂರು ಸುತ್ತಿ ಬಂದೋನು ಕಣೇ ನಾನು, ನನಗೇ ಹೇಳ್ಕೊಡ್ತೀಯಾ?" ಎನ್ನುತ್ತಿದ್ದ. ಸುತ್ತಿದ್ದು ಬಸ್ಸು, ಇವನು ಕೂತಿದ್ದ, ಅಷ್ಟೇ! ಹೊಟ್ಟೆ ಮುಂದೆ ಬಂತು, ಊಟ ಸೇರದಾಯಿತು, ಸಿಟ್ಟು ಮೂಗಿನ ತುದಿಯಲ್ಲೇ ಮನೆ ಮಾಡಿತು.

ಅಷ್ಟರಲ್ಲಿ ಅತ್ತೆಗೆ ಮರೆವು ಶುರುವಾಯಿತು.

ಮೊದಲು ಸಕ್ಕರೆ. "ಅಯ್ಯೋ ರೀ, ಸಕ್ಕರೆ ತರೋದೇ ಮರೆತುಬಿಟ್ಟೆ, ಅಂಗಡಿಗೆ ಹೋಗಿ ಬರ್ತೀರಾ?" ಮಾವ ಗೊಣಗುತ್ತಲೇ ಹೋಗಿ ತಂದು, ಬೆವರು ಒರೆಸಿಕೊಳ್ಳುವಷ್ಟರಲ್ಲಿ, "ಅಯ್ಯೋ, ಚಹಾಪುಡಿನೂ ಇಲ್ವಲ್ರೀ!" ಕನ್ನಡಕವನ್ನು ಮಹಡಿಯ ಮೇಲೆ ಬಿಟ್ಟು ಬರುವಳು, ಛತ್ರಿಯನ್ನು ತರಕಾರಿ ಅಂಗಡಿಯಲ್ಲಿ. ಒಂದು ದಿನ ಬೀದಿಯ ಆ ತುದಿಯಲ್ಲಿದ್ದ ಹೊಲಿಗೆಯವಳ ಮನೆಬಾಗಿಲಲ್ಲಿ ಚಪ್ಪಲಿಯನ್ನೇ ಬಿಟ್ಟು ಬರಿಗಾಲಲ್ಲಿ ಬಂದಳು. ಹೆಂಡತಿಯ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಮಾವ ಬೀದಿಯುದ್ದಕ್ಕೂ ನಡೆದು ಬಂದ. ನೋಡಿದವರು ಮುಸಿಮುಸಿ ನಕ್ಕರು.

ಮಾವನಿಗೆ ನಗು ಬರಲಿಲ್ಲ. ಅವನ ಬಸ್ಸಿನ ಕಂಡಕ್ಟರನ ತಾಯಿಗೂ ಹೀಗೇ ಶುರುವಾಗಿತ್ತು. ಮೊದಲು ಸಾಮಾನು ಮರೆತಳು, ಆಮೇಲೆ ಮನೆಯ ದಾರಿ, ಕೊನೆಗೆ ಹೆತ್ತ ಮಗನ ಮುಖ. ಇವಳೂ ಹಾಗಾದರೆ ತನ್ನ ಗತಿ ಏನು? ಹೇಳಿದರೆ ಎಲ್ಲಿ ಎದೆಗುಂದುತ್ತಾಳೋ ಎಂದು ಬಾಯಿಗೆ ಬೀಗ ಹಾಕಿಕೊಂಡ. ಬೈಯುವುದನ್ನು ಬಿಟ್ಟ. ಅವಳು ಹೇಳುವ ಮೊದಲೇ ಎದ್ದು ಹೊರಟ.

ಕುರ್ಚಿಯಲ್ಲಿ ಕೂತರೆ ಅದೇ ಯೋಚನೆ ತಲೆ ತಿನ್ನುತ್ತಿತ್ತು. ನಡೆಯುವಾಗ ಮಾತ್ರ ಅಷ್ಟಿಷ್ಟು ಹಗುರ. ಹಾಗಾಗಿ ಹತ್ತಿರದ ಅಂಗಡಿ ಬಿಟ್ಟು ದೂರದ್ದಕ್ಕೆ ಹೋದ, ಸುತ್ತುದಾರಿ ಹಿಡಿದ, ದಾರಿಯಲ್ಲಿ ಸಿಕ್ಕವರ ಹತ್ತಿರ ಎರಡು ಮಾತಾಡಿದ. ಹೊಟ್ಟೆ ಇಳಿದು ಬೆಲ್ಟಿಗೆ ಹೊಸ ತೂತು ಕೊರೆಸಬೇಕಾಯಿತು. ಹಸಿವು ಬಂತು, ಮಲಗಿದ ತಕ್ಷಣ ನಿದ್ದೆ ಬಂತು. ಇದೊಂದೂ ಆ ಮಹರಾಯನ ಗಮನಕ್ಕೆ ಬರಲಿಲ್ಲ, ಜೀವವೆಲ್ಲ ಹೆಂಡತಿಯ ಮೇಲೇ ಇತ್ತು.

ಇತ್ತ ಕಿಟಕಿ ಪಕ್ಕದ ಕುರ್ಚಿ ಖಾಲಿ. ಖಾಲಿ ಸೀಟು ಕಂಡರೆ ಯಾರಾದರೂ ಬಿಟ್ಟಾರೆಯೇ? ಅತ್ತೆ ಕೂತಳು. ಎದ್ದರೆ ಮಾವ ಬಿಡಬೇಕಲ್ಲ! "ನೀನು ಏಳ್ಬೇಡ ಕಣೇ" ಎಂದು ಕೂತಲ್ಲಿಗೇ ಚಹಾ ತಂದುಕೊಟ್ಟ, ನೆಲ ಒರೆಸಿದ, ಬಟ್ಟೆ ಹಿಂಡಿ ಹರವಿದ. ಅತ್ತೆಗೂ ಸುಖ ಹಿಡಿಸಿತು ಅನ್ನಿ.

ಕೊನೆಗೊಂದು ದಿನ, ತುಂಬಿದ ಉಪ್ಪಿನ ಡಬ್ಬಿ ಎದುರಿಗೇ ಇದ್ದರೂ ಅತ್ತೆ "ರೀ, ಉಪ್ಪು ಮರೆತೆ" ಎಂದಳು. ಮಾವನ ಜೀವ ಬಾಯಿಗೆ ಬಂತು. ಆವತ್ತೇ ಡಾಕ್ಟರ ಹತ್ತಿರ ಎಳೆದುಕೊಂಡು ಹೋದ. ಆಸ್ಪತ್ರೆಯಲ್ಲಿ ಲಿಫ್ಟಿಗೆ ಕಾಯುವ ತಾಳ್ಮೆಯೂ ಇಲ್ಲದೆ ಮೆಟ್ಟಿಲು ಹತ್ತಿದ. ಮೇಲೆ ಹೋಗಿ ತಿರುಗಿ ನೋಡಿದರೆ ಹೆಂಡತಿಯೇ ಇಲ್ಲ! ಕೆಳಗೆ, ಮೊದಲನೇ ತಿರುವಿನಲ್ಲೇ ಕೂತು ಏದುಸಿರು ಬಿಡುತ್ತಿದ್ದಳು.

"ಮರೆವು ಡಾಕ್ಟ್ರೇ. ಇದ್ದದ್ದು ಇದ್ದಹಾಗೆ ಹೇಳಿ, ನಾನು ತಡ್ಕೋತೀನಿ" ಎಂದವನು ತಡೆದುಕೊಳ್ಳಲಾಗದೆ ಕಣ್ಣು ಒರೆಸಿಕೊಂಡ. ಡಾಕ್ಟರಮ್ಮ ಏನೇನೋ ಕೇಳಿದರು. ಅತ್ತೆ ಇವತ್ತಿನ ತಾರೀಖು ಹೇಳಿದಳು, ಗಂಡ ಓಡಿಸಿದ ಮೊದಲ ಬಸ್ಸಿನ ನಂಬರು ಹೇಳಿದಳು, ಮದುವೆಯ ದಿನ ಅವನ ಅಂಗಿಯಲ್ಲಿ ಯಾವ ಗುಂಡಿ ಕಿತ್ತುಹೋಗಿತ್ತು ಎಂಬುದನ್ನೂ ಬಿಡಲಿಲ್ಲ. ಗಂಡನ ಕಣ್ಣೀರು ಕಂಡು ಅವಳಿಗೂ ಇನ್ನು ತಡೆಯಲಾಗಲಿಲ್ಲ.

"ನನಗ್ಯಾವ ಮರೆವೂ ಇಲ್ಲ ಡಾಕ್ಟ್ರೇ. ನಡೀರಿ ಅಂದ್ರೆ ನಡೆಯೋ ಪೈಕಿ ಅಲ್ಲ ಇವ್ರು. ಅದಕ್ಕೇ ಮರೆತೆ."

ಮಾವ ಪಿಳಿಪಿಳಿ ಕಣ್ಣು ಬಿಟ್ಟ. ಡಾಕ್ಟರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕು, ಬಂದಿದ್ದೀರಲ್ಲ ಎಂದು ಇಬ್ಬರನ್ನೂ ಪರೀಕ್ಷೆ ಮಾಡಿದರು. ಮಾವ ಗುಂಡುಕಲ್ಲಿನ ಹಾಗಿದ್ದ. ಅತ್ತೆಯ ಸರದಿ ಬಂದಾಗ ಅವರ ನಗು ನಿಂತಿತು.

"ನಾಟಕ ಚೆನ್ನಾಗಿ ಆಡಿದ್ದೀರಮ್ಮ. ಆದ್ರೆ ಅವರು ಎದ್ದ ಜಾಗದಲ್ಲಿ ನೀವು ಕೂತ್ಬಿಟ್ರಿ. ತೂಕ ಏರಿದೆ, ರಕ್ತದೊತ್ತಡ ಏರಿದೆ, ಮಂಡಿ ಹಿಡ್ಕೊಂಡಿದೆ. ಮಾತ್ರೆ ಬರೀತೀನಿ, ಆದ್ರೆ ಮಾತ್ರೆ ಒಂದರಿಂದಲೇ ಆಗೋದಲ್ಲ ಇದು. ದಿನಾ ನಡೀಬೇಕು, ಮನೆಕೆಲಸಕ್ಕೆ ಮೊದಲಿನ ಹಾಗೇ ಕೈ ಹಾಕ್ಬೇಕು."

ಹೇಳೋದು ಪುರಾಣ, ತಿನ್ನೋದು ಬದನೆಕಾಯಿ ಅಂದರೆ ಇದೇ ನೋಡಿ!

ಹೊರಗೆ ಬಂದ ಮೇಲೆ ಮಾವ ದಾಪುಗಾಲು ಹಾಕಿದ. ಮೋಸ ಹೋದ ಸಿಟ್ಟಿಗೆ ಮೈಯೆಲ್ಲ ಉರಿಯುತ್ತಿತ್ತು. ಹಿಂದೆ ಅತ್ತೆ ಮಾತ್ರೆಯ ಚೀಲ ಹಿಡಿದು, "ರೀ, ಕಾಲು ಬರ್ತಿಲ್ಲ, ಆಟೋದಲ್ಲಿ ಹೋಗೋಣ" ಎಂದು ಕೈ ಎತ್ತಿದಳು. ಆಟೋ ಬಂದು ನಿಂತಿತು. ಮಾವ ತಿರುಗಿದ.

"ಸುಳ್ಳು ಹೇಳಿದ್ಯಲ್ಲ, ಅದು ಹೋಗ್ಲಿ. ಚಪ್ಪಲಿ ಹೊರಿಸಿದೆ, ಅದೂ ಹೋಗ್ಲಿ. ಪ್ರತಿ ಸಲ ಅಂಗಡಿಯಿಂದ ಬಂದು ಬಾಗಿಲು ತಟ್ಟದೆ ಹೊರಗೇ ನಿಂತ್ಬಿಡ್ತಿದ್ದೆ ಕಣೇ. ಇವತ್ತು ಬಾಗಿಲು ತೆಗೆದು, ಯಾರು ನೀವು ಅಂತ ಕೇಳಿಬಿಟ್ರೆ ಏನ್ಮಾಡ್ಲಿ ಅಂತ."

ಅತ್ತೆಯ ಮುಖ ಸಣ್ಣಗಾಯಿತು. ಇದೊಂದನ್ನು ಅವಳು ಯೋಚಿಸಿರಲೇ ಇಲ್ಲ. ಎತ್ತಿದ ಕೈ ಇಳಿಸಿ, "ಬೇಡಪ್ಪಾ, ನೀನು ಹೋಗು" ಎಂದು ಆಟೋದವನನ್ನು ಕಳಿಸಿದಳು. ಮಾವ ಚೀಲ ಇಸಿದುಕೊಳ್ಳಲು ಕೈ ಚಾಚಿದ. ಅವಳು ಕೊಡಲಿಲ್ಲ.

"ಚೀಲ ನಾನೇ ಹಿಡ್ಕೋತೀನಿ" ಎಂದಳು. "ಸ್ವಲ್ಪ ಮೆಲ್ಲಗೆ ನಡೀರಿ, ನಾನೂ ಬರ್ತೀನಿ."