ದೊಡ್ಡಮ್ಮ ಕೊಟ್ಟ ನೆಲನೆಲ್ಲಿ

ಹೊಸೂರಿನ ಆಲಸನತ್ತಂ ಬಡಾವಣೆಯ ನಮ್ಮ ಮನೆಯ ಮಹಡಿಯಲ್ಲಿ ಗುಲಾಬಿ ಕುಂಡದ ಕಳೆ ಕೀಳುತ್ತಿದ್ದಾಗ ಬೆರಳಿಗೆ ಹಸಿಯಾದ ಒಗರು ವಾಸನೆ ಹತ್ತಿತು. ನೋಡಿದರೆ ನೆಲನೆಲ್ಲಿ. ಎಲೆಯಡಿ ಸಾಸಿವೆಯಷ್ಟು ಕಾಯಿ ಸಾಲುಗಟ್ಟಿದ್ದ ಗೇಣುದ್ದದ ಗಿಡ. ಕೈ ತೊಳೆಯಲು ಮನಸ್ಸಾಗದೆ ಅಲ್ಲೇ ಕೂತುಬಿಟ್ಟೆ. ಯಾರಿಗಾದರೂ ಹೇಳೋಣವೆಂದರೆ ಈ ವಾಸನೆ ಬಲ್ಲವರು ನಮ್ಮ ಬೀದಿಯಲ್ಲಿ ಒಬ್ಬರೂ ಇಲ್ಲ.

ಅಮ್ಮ ತೀರಿಕೊಂಡಾಗ ನನಗೆ ಎರಡು ವರ್ಷ. ಅಪ್ಪನಿಗೆ ಹೊಸೂರಿನ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಹಾಗಾಗಿ ತಳಿ ಪೇಟೆಯ ಆಚೆಯ ಹಳ್ಳಿಯಲ್ಲಿ ಅಮ್ಮನ ಅಕ್ಕ, ಮಕ್ಕಳಿಲ್ಲದ ವಿಧವೆ, ನನ್ನನ್ನು ಸಾಕಿದಳು. ಕಾಮಾಲೆಗೆ ಮದ್ದು ಕೊಡುವುದು ಅವಳಿಗೆ ಗಂಡನ ಮನೆಯಿಂದ ಬಂದ ವಿದ್ಯೆ. ಬೆಳಗಾಗುತ್ತಲೇ ಕೆರೆಯ ಹಿಂದಿನ ಹುಲ್ಲುಬಯಲಿಗೆ ಹೋಗಿ, ತನ್ನ ನೆರಳು ಗಿಡದ ಮೇಲೆ ಬೀಳದ ಹಾಗೆ ಬಗ್ಗಿ, ನೆಲನೆಲ್ಲಿಯನ್ನು ಬೇರುಸಹಿತ ಕಿತ್ತು ತರುತ್ತಿದ್ದಳು. ಅದನ್ನು ಅರೆದು ಆಡಿನ ಹಾಲಲ್ಲಿ ಕಲಸಿ ಮೂರು ದಿನ ಕುಡಿಸುವುದು. ಕಣ್ಣು ಹಳದಿಯಾದವರು ಬಾಗಲೂರಿನಿಂದಲೂ ಬರುತ್ತಿದ್ದರು; ತಮಿಳಿನವರಿಗೆ ತಮಿಳಲ್ಲಿ, ತೆಲುಗಿನವರಿಗೆ ತೆಲುಗಲ್ಲಿ ಪಥ್ಯ ಹೇಳುತ್ತಿದ್ದಳು. ಕಟ್ಟಳೆ ಮಾತ್ರ ಎಲ್ಲರಿಗೂ ಒಂದೇ. ಮೂರನೆಯ ದಿನದ ಮದ್ದು ಕುಡಿದವರು ಮತ್ತೆಂದೂ ಮದ್ದು ಕೊಟ್ಟ ಮನೆಯ ಹೊಸಿಲು ತುಳಿಯಬಾರದು, ತುಳಿದರೆ ಬಿಟ್ಟುಹೋದ ಕಾಯಿಲೆ ಅವರ ಜೊತೆಗೇ ಒಳಗೆ ಬರುತ್ತದೆ. ಹೀಗಾಗಿ ಊರಿನ ಅರ್ಧ ಜನ ಅಂಗಳದಲ್ಲೇ ನಿಂತು ಮಾತಾಡಿ ಹೋಗುತ್ತಿದ್ದರು. ಈ ಕಟ್ಟಳೆ ಮಾಡಿದವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ನನ್ನ ಒಂಬತ್ತನೆಯ ವರ್ಷದ ಮಳೆಗಾಲದಲ್ಲಿ ನನ್ನ ಕಣ್ಣೇ ಹಳದಿಯಾಯಿತು. ಊರಿಗೆಲ್ಲ ಮದ್ದು ಕೊಡುವವಳು ನನ್ನನ್ನು ಮಾತ್ರ ತಳಿಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ವಾರವಾದರೂ ಹಳದಿ ಇಳಿಯಲಿಲ್ಲ. ಸುದ್ದಿ ತಿಳಿದು ಬಂದ ಅಪ್ಪ ರೇಗಿದ: "ಊರೋರ್ಗೆಲ್ಲಾ ಕೊಡ್ತೀಯ, ಈ ಮಗೀಗ್ಯಾಕಕ್ಕಾ ಕೊಡಾಕಿಲ್ಲ?"

"ಕೊಟ್ರೆ ಇವ್ಳು ನನ್ ಮನೇಗೆ ಬರಂಗಿಲ್ಲ ಕಣಪ್ಪ," ಎಂದಳು ದೊಡ್ಡಮ್ಮ.

ಮರುದಿನ ಬೆಳಿಗ್ಗೆ ಬಯಲಿಗೆ ಹೋದಳು. ಮೂರನೆಯ ದಿನ ಲೋಟ ಕೊಡುವ ಹೊತ್ತಿಗೆ ನನ್ನ ಬಟ್ಟೆಯ ಗಂಟು ಆಗಲೇ ಜಗಲಿಯ ಮೇಲಿತ್ತು. "ಒಂದೇ ಗುಟುಕ್ಗೆ ಕುಡುದ್ಬುಡು ಕಣವ್ವ," ಎಂದು ತಲೆ ಸವರಿದಳು. ಕಹಿಗೆ ಮುಖ ಕಿವುಚಿದ್ದು ನೆನಪಿದೆ. ಅವಳ ಮುಖ ನೋಡಿದ್ದು ನೆನಪಿಲ್ಲ.

ಆಮೇಲೆ ಹೊಸೂರು, ತಮಿಳು ಶಾಲೆ, ಬೀಗ ಹಾಕಿದ ಬಾಡಿಗೆ ಮನೆ. ದೊಡ್ಡಮ್ಮ ವರ್ಷಕ್ಕೊಮ್ಮೆ ಅವರೆಕಾಯಿ ಹೊತ್ತು ಬಂದು, ನೆಂಟರಂತೆ ಕುರ್ಚಿಯ ಅಂಚಿನಲ್ಲಿ ಕೂತು, ಸಂಜೆ ಬಸ್ಸಿಗೇ ಹೊರಡುತ್ತಿದ್ದಳು. "ನಿನ್ ಜತ್ಗೆ ಬತ್ತೀನಿ ದೊಡ್ಡಮ್ಮ" ಎಂದರೆ ಬೈಯುತ್ತಿದ್ದಳು. ಬೈದು, ಬಸ್ಸಿನ ಕಿಟಕಿಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ಅವಳು ಹೋದಾಗ ನನಗೆ ಹತ್ತೊಂಬತ್ತು. ಅಂಗಳದಲ್ಲಿ ಮಲಗಿಸಿದ್ದರು, ಕಾಲು ಮುಟ್ಟಿದೆ. ಮಣ್ಣು ಮಾಡಿ ಬಂದವರೆಲ್ಲ ಅವಳು ಪ್ರಾಣ ಬಿಟ್ಟ ಜಾಗದಲ್ಲಿ ಹಚ್ಚಿಟ್ಟ ದೀಪ ನೋಡಲು ಒಳಗೆ ಹೋದರು. "ಇನ್ಯಾವ್ ಕಟ್ಲೆ, ಒಳೀಕ್ ಬಾರವ್ವ," ಎಂದು ಪಕ್ಕದ ಮನೆಯಾಕೆ ಕೈ ಹಿಡಿದಳು. ನಾನು ಹೋಗಲಿಲ್ಲ, ಬಾಗಿಲಾಚೆಯಿಂದಲೇ ನೋಡಿದೆ. ಕಾಯಿಲೆಯ ಭಯ ಯಾವತ್ತೋ ಹೋಗಿತ್ತು. ಆದರೆ ಒಳಗೆ ಕಾಲಿಟ್ಟು ನನಗೇನೂ ಆಗದೇ ಇದ್ದಿದ್ದರೆ, ಹತ್ತು ವರ್ಷ ಅವಳು ಒಬ್ಬಳೇ ಉಂಡು ಒಬ್ಬಳೇ ಮಲಗಿದ್ದೆಲ್ಲ ಸುಮ್ಮಸುಮ್ಮನೆ ಎಂದಾಗಿಬಿಡುತ್ತಿತ್ತು.