ನನ್ನ ಶೋಗೆ ಅವ್ವ ಕರೆದ ಜನ

ಸ್ಟ್ಯಾಂಡ್-ಅಪ್ ಕಾಮಿಡಿ ಮಾಡುವವರಿಗೆ ಜೋಕು ಬರೆಯುವುದು ಅರ್ಧ ಕೆಲಸ ಅಷ್ಟೇ. ಉಳಿದರ್ಧ ಫೋನಿನ ಮುಂದೆ ನಿಂತು ‘ನನ್ನನ್ನು ನೋಡಿ, ನನ್ನನ್ನು ನೋಡಿ’ ಎಂದು ಹಲ್ಲು ಗಿಂಜುವುದು. ನಾನು ಅದನ್ನೂ ನಾಚಿಕೆ ಬಿಟ್ಟು ಮಾಡಿದ್ದೇನೆ. ನಂಜನಗೂಡಿನ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ರೂಮಿಗೆ ಬಂದವಳೇ ಅವ್ವನ ಸೀರೆ ಸುತ್ತಿಕೊಂಡು, ಅವ್ವನ ಹಾಗೇ ಮಾತಾಡಿ ರೀಲ್ಸ್ ಹಾಕುತ್ತಿದ್ದೆ. ತನ್ನ ಅಕ್ಕ ಬರುವ ತನಕ ಬಸ್ಸು ನಿಲ್ಲಿಸು ಎಂದು ಕಂಡಕ್ಟರ್ ಜೊತೆ ಜಗಳಕ್ಕೆ ನಿಲ್ಲುವ ಅವ್ವ, ವಿಡಿಯೊ ಕಾಲಿನಲ್ಲಿ ಬರೀ ಹಣೆ ತೋರಿಸುವ ಅವ್ವ. ಗುರುತು ಪರಿಚಯ ಇಲ್ಲದವರೆಲ್ಲ ನಗುವ ಇಮೋಜಿ ಕಳಿಸುತ್ತಿದ್ದರು.

ಅದೇ ಧೈರ್ಯದಲ್ಲಿ ನಂಜನಗೂಡಿನಲ್ಲೇ ಪುಟ್ಟ ಹಾಲ್ ಹಿಡಿದು ಶೋ ಇಟ್ಟೆ. ಪೋಸ್ಟರನ್ನು ಇನ್‌ಸ್ಟಾಗೆ, ಸ್ಟೇಟಸ್ಸಿಗೆ, ನಮ್ಮೂರು ಮೂಗೂರಿನ ನೆಂಟರ ಗ್ರೂಪಿಗೆ ಹಾಕಿದೆ. ಊರಿನವರ ಪಾಲಿಗೆ ನಾನು ಮದುವೆ ಬೇಡ ಎಂದು ಕುಣಿಯುವ ಹುಡುಗಿ, ಅಷ್ಟೇ. ಅವರು ಒಂದೇ ಒಂದು ಸಲ ನನ್ನ ಮಾತು ಕೇಳಿ, ನನ್ನೆದುರಿಗೇ ನಗಬೇಕು ಎಂದು ತುಂಬ ಆಸೆಯಿತ್ತು. ಗ್ರೂಪಿನಲ್ಲಿ ಎಲ್ಲರೂ ಹೆಬ್ಬೆರಳು ಎತ್ತಿದರು. ಬರುತ್ತೇನೆ ಎಂದು ಒಬ್ಬರೂ ಹೇಳಲಿಲ್ಲ. ಮೈಯೆಲ್ಲ ಉರಿದು ಅವ್ವನಿಗೆ ಫೋನ್ ಮಾಡಿ ರೇಗಾಡಿದೆ.

“ಪೋನಲ್ಲಿ ಆಕುದ್ರೆ ಯಾರವ್ವ ಬತ್ತಾರೆ? ಮನೆಗೋಗಿ ಕುಂಕುಮ ಕೊಟ್ಟು ಕರೀಬೇಕು ಕಣವ್ವ. ಅಷ್ಟೂ ಗೊತ್ತಾಗಕಿಲ್ವಾ ನಿಂಗೆ?” ಎಂದಳು. ಆಮೇಲೆ ಕುಂಕುಮದ ಭರಣಿ ಹಿಡಿದು ತಾನೇ ಹೊರಟಳು.

ಭಾನುವಾರ ಹಾಲ್ ತುಂಬಿತು. ಹೆಂಗಸರು ರೇಷ್ಮೆ ಸೀರೆ ಉಟ್ಟು, ಹೂ ಮುಡಿದು ಬಂದಿದ್ದರು. ಅವ್ವನ ಅಕ್ಕ, ನಮ್ಮ ದೊಡ್ಡವ್ವ, ಊಟ ಎಷ್ಟೊತ್ತಿಗೆ ಎಂದು ವಿಚಾರಿಸಿದಳು. ನಾನು ಮೈಕ್ ಹಿಡಿದು ಕಂಡಕ್ಟರ್ ಜೋಕು ಹೇಳಿದೆ. ಯಾರೂ ನಗಲಿಲ್ಲ. ಹಣೆಯ ಜೋಕು ಹೇಳಿದೆ. ದೊಡ್ಡವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಮುಂದಿನ ಸಾಲಿನಲ್ಲಿದ್ದ ಅವ್ವನ ಕಡೆ ಕಣ್ಣು ಹೊರಳಿಸಿದಳು. ನೋಡಿದರೆ ಎಲ್ಲರ ಕಣ್ಣೂ ಅವ್ವನ ಮೇಲೇ ಇದೆ. ಮನೆ ಬಾಗಿಲಿಗೆ ಬಂದು ಕುಂಕುಮ ಕೊಟ್ಟು ಕರೆದವಳನ್ನು ಅವಳೆದುರೇ ಆಡಿಕೊಂಡು ನಗುವುದು ಹೇಗೆ? ಪಾಪ, ಮರ್ಯಾದೆಗೆ ಕಟ್ಟುಬಿದ್ದು ಅವರು ನಗು ನುಂಗುತ್ತಿದ್ದರು. ನನಗೆ ಮುಂದಿನ ಮಾತು ಮರೆತೇ ಹೋಯಿತು. ಅಳುವೊಂದು ಬಾಕಿ.

ಅವ್ವ ಎದ್ದು ನಿಂತು ಜನರ ಕಡೆ ತಿರುಗಿದಳು.

“ಯಾಕ್ರವ್ವ, ಸಾವಿನ್ ಮನೇಲಿ ಕುಂತಂಗೆ ಕುಂತಿದ್ದೀರಿ? ಅವ್ಳು ಯೋಳ್ತಿರೋದೆಲ್ಲ ದಿಟ, ನಾನು ಅಂಗೇಯ. ನಗ್ರವ್ವ! ನಗ್ಲಿ ಅಂತ್ಲೇ ಕರ್ದಿರೋದು.”

ಮೊದಲು ದೊಡ್ಡವ್ವ ಕಿಸಕ್ಕೆಂದಳು. ಆಮೇಲೆ ಇಡೀ ಹಾಲ್ ನಕ್ಕಿತು. ನಾನು ಕಣ್ಣೊರೆಸಿಕೊಂಡು ಜೋಕನ್ನು ಮೊದಲಿಂದ ಶುರುಮಾಡಿದೆ. ಅವ್ವ ಮಾತ್ರ ನಗಲಿಲ್ಲ. ಅವಳಿಗೆ ಪುರುಸೊತ್ತೇ ಇರಲಿಲ್ಲ. ಪಂಕ್ತಿಯಲ್ಲಿ ಯಾರ ಎಲೆ ಖಾಲಿಯಾಗಿದೆ ಎಂದು ನೋಡುವ ಹಾಗೆ, ಯಾರಿನ್ನೂ ನಕ್ಕಿಲ್ಲ ಎಂದು ಸಾಲುಸಾಲಾಗಿ ನೋಡುತ್ತಾ ನಿಂತಿದ್ದಳು.